ಹಾಳೆ ಪ್ರಶ್ನೆ ಕೇಳುವುದಿಲ್ಲ

ಹೈಸ್ಕೂಲಿನ ಮಕ್ಕಳಿಗೆ ಪ್ರಬಂಧವನ್ನೋ ಪ್ರಾಜೆಕ್ಟನ್ನೋ ಬರೆದುಕೊಂಡು ಬರಲು ಹೇಳಿದಾಗ ಬಹುಪಾಲು ಮಕ್ಕಳ ಬಾಯಿಂದ ಬರುವ ಮಾತು ಒಂದೇ: ‘ಏನು ಬರೀಬೇಕೋ ಗೊತ್ತಾಗ್ತಿಲ್ಲ.’ ಮನೆಯಲ್ಲಿ ಅಪ್ಪ ಅಮ್ಮ ಈ ಮಾತು ಕೇಳುತ್ತಾರೆ, ಶಾಲೆಯಲ್ಲಿ ಮೇಷ್ಟ್ರು ಕೇಳುತ್ತಾರೆ, ಟ್ಯೂಷನ್ ಹೇಳುವ ಅಕ್ಕನೂ ಕೇಳುತ್ತಾಳೆ. ಎಲ್ಲರೂ ಅದಕ್ಕೆ ಹಚ್ಚುವ ಅರ್ಥವೂ ಹೆಚ್ಚುಕಡಿಮೆ ಒಂದೇ. ಮಗುವಿನ ತಲೆಯಲ್ಲಿ ವಿಷಯವಿಲ್ಲ. ವಿಷಯ ಇದ್ದರೂ ಹೇಳುವ ಭಾಷೆಯಿಲ್ಲ. ಎರಡೂ ಇದ್ದರೆ ಬರೆಯುವ ಕೈ ಇಲ್ಲ, ಅದು ಹುಟ್ಟಿನಿಂದಲೇ ಬರಬೇಕಾದದ್ದು. ರೋಗ ಇದೆಂದು ಒಪ್ಪಿಕೊಂಡ ಮೇಲೆ ಮದ್ದೂ ಸಿದ್ಧವಾಗಿಯೇ ಇರುತ್ತದೆ. ಒಳಗಿಲ್ಲದ ವಿಷಯವನ್ನು ಹೊರಗಿನಿಂದ ತಂದುಕೊಡುವುದು: ಗೈಡಿನ ಪ್ರಬಂಧ, ಅಣ್ಣನ ಹಳೇ ನೋಟ್ಸು, ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದ ನಾಲ್ಕು ಪುಟ, ಈಚೆಗೆ ಮೊಬೈಲು. ಮಗು ಅದನ್ನು ದುಂಡಗೆ ಇಳಿಸಿ, ಸುತ್ತ ಸ್ಕೆಚ್ ಪೆನ್ನಿನ ಅಂಚು ಹಾಕಿ, ಫೈಲಿಗೆ ಸೇರಿಸಿ ಒಪ್ಪಿಸುತ್ತದೆ. ಈ ತಿಳಿವಳಿಕೆ ಬುಡದಲ್ಲೇ ತಪ್ಪಿದೆ ಎಂಬುದು ನನ್ನ ವಾದ. ಅದರಿಂದ ಆಗುವ ನಷ್ಟವನ್ನು ಅಂಕಗಳಲ್ಲಿ ಅಳೆಯಲು ಆಗುವುದಿಲ್ಲ. ತನ್ನ ಊರನ್ನು, ತನ್ನ ಕೆಲಸವನ್ನು, ತನ್ನ ಸಂಶಯವನ್ನು ತಾನೇ ಮಾತಿನಲ್ಲಿ ಹಿಡಿಯಬಲ್ಲೆ ಎಂಬ ಧೈರ್ಯವನ್ನು ಮಗು ಹದಿಮೂರು ಹದಿನಾಲ್ಕನೇ ವಯಸ್ಸಿಗೇ ಕಳೆದುಕೊಳ್ಳುತ್ತದೆ. ಆಮೇಲೆ ಅದು ಸುಲಭಕ್ಕೆ ಮರಳುವುದಿಲ್ಲ.

ಎದುರು ಪಕ್ಷಕ್ಕೆ ಮೊದಲು ನ್ಯಾಯ ಸಲ್ಲಿಸಬೇಕು. ಬರೆಯುವುದೆಂದರೆ ತಲೆಯಲ್ಲಿರುವುದನ್ನು ಕಾಗದಕ್ಕೆ ಇಳಿಸುವುದು, ಕೊಡದಲ್ಲಿ ನೀರಿದ್ದರೆ ತಾನೇ ಬಗ್ಗಿಸಿದಾಗ ಸುರಿಯುವುದು, ಎಂಬ ಮಾತು ದಡ್ಡರ ಮಾತಲ್ಲ. ಓದದ ಮಗುವಿಗಿಂತ ಓದುವ ಮಗು ಚೆನ್ನಾಗಿ ಬರೆಯುತ್ತದೆ ಎಂಬುದು ಎಲ್ಲರ ಅನುಭವಕ್ಕೆ ಬಂದದ್ದೇ. ಪದಸಂಪತ್ತು ಕಡಿಮೆಯಿದ್ದವರ ಬರವಣಿಗೆ ಸೊರಗುತ್ತದೆ ಎಂಬುದೂ ಸುಳ್ಳಲ್ಲ. ಒಂದೇ ತರಗತಿಯಲ್ಲಿ, ಒಂದೇ ಪಾಠ ಕೇಳಿದ ಇಬ್ಬರಲ್ಲಿ ಒಬ್ಬಳು ಸರಾಗವಾಗಿ ಬರೆದರೆ ಇನ್ನೊಬ್ಬ ಎರಡು ಸಾಲಿಗೆ ನಿಂತುಬಿಡುತ್ತಾನೆ; ಅದನ್ನು ನೋಡಿದ ಮೇಷ್ಟ್ರಿಗೆ ಇದು ಹುಟ್ಟುಗುಣ ಅನ್ನಿಸಿದರೆ ಆಶ್ಚರ್ಯವಿಲ್ಲ. ಇದೆಲ್ಲದರ ಮೇಲೆ ಪರೀಕ್ಷೆ ಇದೆ. ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆಗೆ 125 ಅಂಕ. ಅದರಲ್ಲಿ 100 ಬರವಣಿಗೆಯ ಪರೀಕ್ಷೆಗೆ, 25 ಆಂತರಿಕ ಮೌಲ್ಯಮಾಪನಕ್ಕೆ. ಪ್ರಬಂಧ, ಪತ್ರ, ಗಾದೆ ವಿಸ್ತರಣೆ ಎಲ್ಲವೂ ಗಡಿಯಾರದ ಮುಂದೆ ನಡೆಯಬೇಕು. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಂಬ ಮೂರು ಖಾನೆಗಳನ್ನು ತುಂಬಿಸಲು ಮೊದಲೇ ಬಾಯಿಪಾಠ ಮಾಡಿದ ಸರಕು ಇದ್ದರೆ ಮಗು ಪಾಸಾಗುತ್ತದೆ. ದನ ಕಟ್ಟಿ, ಹಾಲು ಹಾಕಿ, ಬಸ್ಸು ಹಿಡಿದು ಸೊರಬ ತಾಲೂಕಿನ ಆನವಟ್ಟಿಯ ಹೈಸ್ಕೂಲಿಗೆ ಬರುವ ಹುಡುಗನ ಪಾಲಿಗೆ ಪಾಸಾಗುವುದು ಸಣ್ಣ ಮಾತಲ್ಲ. ಹಾಗಾಗಿ ಗೈಡು ತಂದುಕೊಡುವ ತಂದೆಯನ್ನು ನಾನು ದೂರುವುದಿಲ್ಲ. ಆತ ನಂಬಿರುವ ವಿವರಣೆಯನ್ನು ಮಾತ್ರ ಪರೀಕ್ಷಿಸುತ್ತೇನೆ.

ಮೊದಲ ಹೇಳಿಕೆ, ಮಗುವಿನಲ್ಲಿ ವಿಷಯವಿಲ್ಲ ಎಂಬುದು. ಸೊರಬ, ಶಿಕಾರಿಪುರ, ಅತ್ತ ಹಾವೇರಿಯ ಕಡೆಯ ಹಳ್ಳಿಗಳಲ್ಲಿ ದೀಪಾವಳಿ ಮುಗಿದ ಮೇಲೆ ಹೋರಿ ಬೆದರಿಸುವ ಹಬ್ಬ ನಡೆಯುತ್ತದೆ. ಎರಡು ಸಾಲಿಗೆ ನಿಂತುಬಿಟ್ಟ ಆ ಹುಡುಗನನ್ನೇ ಈ ಹಬ್ಬದ ಬಗ್ಗೆ ಮಾತಿಗೆಳೆಯಿರಿ. ಯಾವ ಊರಿನ ಹೋರಿಗೆ ಏನು ಹೆಸರು, ಕೋಡಿಗೆ ಏನು ಕಟ್ಟಿದ್ದರು, ಕೊರಳಿನ ಕೊಬ್ಬರಿ ಸರ ಹರಿಯಲು ಎಷ್ಟು ಜನ ಬಿದ್ದರು, ಕೈಗೆ ಸಿಗದೆ ದಾಟಿಹೋದದ್ದು ಯಾವುದು, ಸಾಕಿದವರು ವರ್ಷವಿಡೀ ಅದಕ್ಕೆ ಏನು ತಿನ್ನಿಸಿದರು, ಈ ಹಬ್ಬದಲ್ಲಿ ಪೆಟ್ಟು ತಿಂದವರ ಮನೆಯ ಪಾಡೇನು, ಇದನ್ನು ನಿಲ್ಲಿಸಬೇಕೆನ್ನುವವರಿಗೆ ಊರಿನವರು ಕೊಡುವ ಉತ್ತರವೇನು. ಹುಡುಗ ಅರ್ಧ ಗಂಟೆ ನಿಲ್ಲಿಸದೆ ಹೇಳುತ್ತಾನೆ. ಆ ಮಾತಿನಲ್ಲಿ ವಿವರವಿದೆ, ಕ್ರಮವಿದೆ, ಹೋಲಿಕೆಯಿದೆ, ಕಾರಣ ಕೊಡುವುದಿದೆ, ಎದುರಾಳಿಯ ವಾದವನ್ನು ಕಡಿಯುವುದೂ ಇದೆ. ಪ್ರಬಂಧದಲ್ಲಿ ಇರಬೇಕೆಂದು ನಾವು ಬಯಸುವ ಯಾವ ಗುಣವೂ ಅಲ್ಲಿ ಕೊರತೆಯಾಗಿಲ್ಲ. ವಿಷಯವಿಲ್ಲ ಎಂಬ ವಿವರಣೆ ಇಲ್ಲಿಗೆ ಬಿದ್ದುಹೋಯಿತು. ಭಾಷೆಯಿಲ್ಲ ಎಂಬುದೂ ಬಹುಮಟ್ಟಿಗೆ ಬಿತ್ತು. ಹೋರಿ ಹಬ್ಬ ಅವನಿಗೆ ಗೊತ್ತಿರುವ ವಿಷಯ, ಶಾಲೆ ಕೊಡುವುದು ಗೊತ್ತಿಲ್ಲದ್ದನ್ನು ಎಂದು ಯಾರಾದರೂ ಹೇಳಬಹುದು. ಹಾಗಿದ್ದರೆ ಆ ಹುಡುಗನಿಗೇ ‘ನಮ್ಮೂರ ಹೋರಿ ಹಬ್ಬ’ ಎಂದು ಶೀರ್ಷಿಕೆ ಕೊಟ್ಟು ಬರೆಯಲು ಹೇಳಿ ನೋಡಿ. ಸಾಮಾನ್ಯವಾಗಿ ಬರುವುದು ಇಷ್ಟು: ಭಾರತವು ಹಬ್ಬಗಳ ನಾಡು, ಹೋರಿ ಹಬ್ಬವು ರೈತರ ಹಬ್ಬ, ಇದನ್ನು ಸಂಭ್ರಮದಿಂದ ಆಚರಿಸುತ್ತಾರೆ, ನಮ್ಮ ಸಂಸ್ಕೃತಿಯನ್ನು ಉಳಿಸೋಣ. ಬಾಯಲ್ಲಿದ್ದದ್ದೆಲ್ಲ ಕಾಗದದ ಹತ್ತಿರ ಬರುವಷ್ಟರಲ್ಲಿ ಎಲ್ಲಿ ಹೋಯಿತು? ನಂಬಿಕೆಯನ್ನು ಬಿಚ್ಚಿ ನೋಡಬೇಕಾದ ಜಾಗ ಇದೇ.

ಮಾತಿಗೂ ಬರಹಕ್ಕೂ ಇರುವ ವ್ಯತ್ಯಾಸ ಎದುರಿಗಿರುವ ಮನುಷ್ಯ. ಮಾತಾಡುವಾಗ ಕೇಳುವವನು ಹೂಂಗುಡುತ್ತಾನೆ, ಹುಬ್ಬು ಹಾರಿಸುತ್ತಾನೆ, ‘ಆಮೇಲೆ?’ ಅನ್ನುತ್ತಾನೆ, ‘ಅದು ಹೆಂಗೆ?’ ಎಂದು ತಡೆಯುತ್ತಾನೆ. ಮುಂದಿನ ವಾಕ್ಯ ಯಾವುದೆಂದು ನಿರ್ಧರಿಸುವ ಕೆಲಸದಲ್ಲಿ ಅರ್ಧ ಪಾಲು ಅವನದು. ಹಾಳೆ ಇದೊಂದನ್ನೂ ಮಾಡುವುದಿಲ್ಲ. ಅದರ ಮುಂದೆ ಕೂತ ಮಗು ಹೇಳುವವನೂ ತಾನೇ, ಕೇಳುವವನೂ ತಾನೇ ಆಗಬೇಕು, ಮತ್ತು ಈ ಎರಡನೇ ಪಾತ್ರವನ್ನು ಯಾರೂ ಅದಕ್ಕೆ ಕಲಿಸಿರುವುದಿಲ್ಲ. ಮಕ್ಕಳ ಬರವಣಿಗೆಯನ್ನು ಬಹಳ ಕಾಲ ಅಭ್ಯಾಸ ಮಾಡಿದ ಕೆನಡಾದ ಕಾರ್ಲ್ ಬೆರೈಟರ್ ಮತ್ತು ಮಾರ್ಲೀನ್ ಸ್ಕಾರ್ಡಮಾಲಿಯಾ ಎಂಬ ವಿದ್ವಾಂಸರು 1987ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಎರಡು ಬಗೆಯ ಬರವಣಿಗೆಯನ್ನು ಬೇರ್ಪಡಿಸಿದರು. ಒಂದು, ಶೀರ್ಷಿಕೆ ನೋಡಿದ ಕೂಡಲೇ ನೆನಪಿಗೆ ಬಂದದ್ದನ್ನೆಲ್ಲ ಬಂದ ಕ್ರಮದಲ್ಲೇ ಬರೆದು, ನೆನಪು ಬತ್ತಿದಲ್ಲಿಗೆ ನಿಲ್ಲಿಸುವುದು. ಇನ್ನೊಂದು, ಬರೆಯುತ್ತಾ ಇರುವಾಗಲೇ ಗೊತ್ತಿದ್ದದ್ದನ್ನು ತಿರುವಿ ಹಾಕಿ, ಅದು ಹೊಂದುವುದಿಲ್ಲವೆಂದು ಕಂಡು, ಬರೆಯುವ ಮೊದಲು ಗೊತ್ತಿಲ್ಲದಿದ್ದ ತಿಳಿವಿಗೆ ತಲುಪುವುದು. ಮೊದಲನೆಯದರಲ್ಲೇ ಉಳಿದ ಮಕ್ಕಳೂ ಬರೆದು ಮುಗಿಯಿತೆಂದು ಪೆನ್ನು ಕೆಳಗಿಟ್ಟ ಮೇಲೆ ‘ಇನ್ನೂ ಸ್ವಲ್ಪ ಬರೆ’ ಎಂದಷ್ಟೇ ಹೇಳಿದರೆ ಮತ್ತೆ ಬರೆಯತೊಡಗುತ್ತಿದ್ದರು ಎಂಬುದನ್ನೂ ಅವರು ಗಮನಿಸಿದ್ದರು. ವಿಷಯ ಮುಗಿದಿದ್ದರೆ ಇದು ಸಾಧ್ಯವೇ ಇರಲಿಲ್ಲ. ಅಲ್ಲಿ ಇಲ್ಲವಾದದ್ದು ಕೇಳುವವನು. ಕೊಡದ ಹೋಲಿಕೆ ತಪ್ಪುವುದು ಇಲ್ಲೇ: ಬರೆಯುವ ಮೊದಲೇ ವಿಷಯವೆಲ್ಲ ಒಳಗೆ ತುಂಬಿ ಕೂತಿರುತ್ತದೆ ಎಂದು ಅದು ಭಾವಿಸುತ್ತದೆ. ಆದರೆ ಬರವಣಿಗೆಯ ಬಹುಭಾಗ ವಿಷಯ ಒಂದು ಪ್ರಶ್ನೆಗೆ ಓಗೊಟ್ಟು ಬರುವಂಥದ್ದು. ಪ್ರಶ್ನೆ ಇಲ್ಲದಿದ್ದರೆ ಎಷ್ಟೇ ಓದಿಕೊಂಡವನಿಗೂ ‘ಭಾರತವು ಹಬ್ಬಗಳ ನಾಡು’ ಎಂಬುದಕ್ಕಿಂತ ಒಳ್ಳೆಯ ವಾಕ್ಯ ಹೊಳೆಯುವುದಿಲ್ಲ.

ಇದನ್ನು ನಿಜವಾಗಿ ಕಷ್ಟವಾದ ಒಂದು ಕೆಲಸದ ಮೇಲೆ ಹಚ್ಚಿ ನೋಡೋಣ. ‘ನಿಮ್ಮೂರಿನ ಹತ್ತಿರದ ಒಂದು ಐತಿಹಾಸಿಕ ಸ್ಮಾರಕದ ಬಗ್ಗೆ ಪ್ರಬಂಧ ಬರೆಯಿರಿ’ ಎಂಬುದು ಸಮಾಜ ವಿಜ್ಞಾನದಲ್ಲೂ ಕನ್ನಡದಲ್ಲೂ ಬರುವ ಪ್ರಾಜೆಕ್ಟು. ಆನವಟ್ಟಿಯ ಮಗುವಿಗೆ ಸ್ಮಾರಕ ಹುಡುಕಿಕೊಂಡು ಹೋಗಬೇಕಾಗಿಲ್ಲ. ಮಗ್ಗುಲಲ್ಲೇ ಕುಬಟೂರು, ಅಲ್ಲಿಯ ಕೋಟಿಪುರದಲ್ಲಿ ಕೈಟಭೇಶ್ವರ ದೇವಾಲಯ. ಬಳಪದ ಕಲ್ಲಿನ ಕಟ್ಟಡ, ವಿಶಾಲವಾದ ತೆರೆದ ಮಂಟಪ, ಕೈಯಾಡಿಸಿದರೆ ನುಣುಪು ತಿಳಿಯುವ ಕಂಬಗಳು, ರಾಷ್ಟ್ರೀಯ ಮಹತ್ವದ ಸ್ಮಾರಕವೆಂದು ಪುರಾತತ್ವ ಇಲಾಖೆಯ ರಕ್ಷಣೆ. ಆದರೂ ಮಗು ಎರಡು ಸಾಲಿಗೆ ನಿಲ್ಲುತ್ತದೆ, ಯಾಕೆಂದರೆ ‘ಬಗ್ಗೆ ಬರೆಯಿರಿ’ ಎಂಬುದು ಪ್ರಶ್ನೆಯೇ ಅಲ್ಲ. ಬಗ್ಗೆ ಎಂದರೆ ಯಾವುದರ ಬಗ್ಗೆ? ದೇವರ ಬಗ್ಗೆಯೋ, ಕಲ್ಲಿನ ಬಗ್ಗೆಯೋ, ರಾಜನ ಬಗ್ಗೆಯೋ, ಜಾತ್ರೆಯ ಬಗ್ಗೆಯೋ? ಎಲ್ಲವನ್ನೂ ಹೇಳಬೇಕೆಂದು ಹೊರಟ ಮಗು ಏನನ್ನೂ ಹೇಳಲಾರದೆ ಇಂಟರ್‌ನೆಟ್ಟಿನಿಂದ ಒಂದು ಸಾಲು ತೆಗೆಯುತ್ತದೆ: ಈ ದೇವಾಲಯವು ಹೊಯ್ಸಳ ದೊರೆ ವಿನಯಾದಿತ್ಯನ ಕಾಲದಲ್ಲಿ ಸುಮಾರು 1100ರಲ್ಲಿ ಕಟ್ಟಲ್ಪಟ್ಟಿತು. ಮೇಷ್ಟ್ರು ಟಿಕ್ ಹಾಕುತ್ತಾರೆ. ಕೆಲಸ ಮುಗಿಯಿತು.

ಅದೇ ಸಾಲನ್ನು ಒಂದು ಪ್ರಶ್ನೆಯ ಎದುರು ಹಿಡಿಯಿರಿ: ಇದನ್ನು ಹೊಯ್ಸಳರ ಗುಡಿ ಎನ್ನಲು ಆಧಾರವೇನು? ತಕ್ಷಣ ಕೆಲಸ ಬದಲಾಗುತ್ತದೆ. ಇತಿಹಾಸದ ಪುಸ್ತಕ ತೆರೆದರೆ ವಿನಯಾದಿತ್ಯನ ಆಳ್ವಿಕೆಯನ್ನು ಸಾಮಾನ್ಯವಾಗಿ 1047ರಿಂದ 1098ರವರೆಗೆ ಕೊಟ್ಟಿರುತ್ತಾರೆ. ಹಾಗಾದರೆ ಸುಮಾರು 1100 ಎಂಬುದು ಅವನ ಕಾಲದ ಒಳಗಿದೆಯೋ ಹೊರಗಿದೆಯೋ? ಆಗ ಹೊಯ್ಸಳರು ಸ್ವತಂತ್ರ ದೊರೆಗಳೇನೂ ಅಲ್ಲ, ಕಲ್ಯಾಣ ಚಾಲುಕ್ಯರ ಸಾಮಂತರು. ಅವರ ಮೂಲನೆಲೆ ಈಗಿನ ಮೂಡಿಗೆರೆ ತಾಲೂಕಿನ ಅಂಗಡಿಯ ಕಡೆ. ಕುಬಟೂರು ಇದ್ದದ್ದು ಬನವಾಸಿ ಹನ್ನೆರಡು ಸಾವಿರ ಎಂಬ ನಾಡಿನಲ್ಲಿ. ಆ ನಾಡಿನ ರಾಜಧಾನಿ ಬಳ್ಳಿಗಾವಿ. ಕಲ್ಯಾಣದ ಗಾದಿಯಲ್ಲಿ 1076ರಿಂದ ಆರನೇ ವಿಕ್ರಮಾದಿತ್ಯನಿದ್ದ. ಮೂಡಿಗೆರೆಯ ಸಾಮಂತನ ಹೆಸರು ಇಷ್ಟು ದೂರದ ಗುಡಿಗೆ ಅಂಟಿಕೊಂಡದ್ದು ಹೇಗೆ ಎಂದು ಹದಿನಾಲ್ಕು ವರ್ಷದ ಹುಡುಗಿ ಕೇಳಬಲ್ಲಳು, ಕೇಳಬೇಕು. ದೇವಾಲಯ ವಾಸ್ತುವಿನ ವಿದ್ವಾಂಸ ಆಡಂ ಹಾರ್ಡಿಯವರ ಅಭಿಪ್ರಾಯವೂ ಬೇರೆಯೇ ಇದೆ: ಕಟ್ಟಡದ ಶೈಲಿ ಚಾಲುಕ್ಯ ಪರಂಪರೆಯ ಮುಖ್ಯಧಾರೆಗೆ ಹತ್ತಿರವಾದದ್ದು, ಕಾಲ ಹನ್ನೊಂದನೇ ಶತಮಾನದ ಕೊನೆ, ಹದಿಮೂರನೇ ಶತಮಾನದಲ್ಲಿ ಜೀರ್ಣೋದ್ಧಾರ. ಈಗ ಹುಡುಗಿಯ ಕೈಯಲ್ಲಿ ಎರಡು ಉತ್ತರಗಳಿವೆ, ಅವು ಪರಸ್ಪರ ಒಪ್ಪುತ್ತಿಲ್ಲ. ಮುಂದಿನ ಭಾನುವಾರ ಗುಡಿಗೆ ಹೋದರೆ ಅವಳ ಕಣ್ಣಿಗೆ ಕೆಲಸವಿದೆ. ಗೋಡೆಯ ಕೆಲಸ ಎಲ್ಲ ಕಡೆ ಒಂದೇ ಥರ ಇದೆಯೇ? ಬಳ್ಳಿಗಾವಿಯ ಕೇದಾರೇಶ್ವರದ ಕಂಬಗಳನ್ನೂ ಇವನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಏನು ಕಾಣುತ್ತದೆ? ಅವಳು ವಿವಾದವನ್ನು ತೀರ್ಮಾನಿಸಲಾರಳು; ತೀರ್ಮಾನಿಸಬೇಕಾಗಿಯೂ ಇಲ್ಲ. ಆದರೆ ‘ಏನು ಬರೀಬೇಕೋ ಗೊತ್ತಾಗ್ತಿಲ್ಲ’ ಎಂಬ ಮಾತು ಅವಳ ಬಾಯಿಂದ ಇನ್ನು ಬರುವುದಿಲ್ಲ. ಈಗ ಅವಳ ಕಷ್ಟ ಬೇರೆ ಜಾತಿಯದು: ಇರುವುದರಲ್ಲಿ ಯಾವುದನ್ನು ಬಿಡಲಿ ಎಂಬುದು. ಬರೆಯುವವರೆಲ್ಲರೂ ಪಡುವ ಕಷ್ಟ ಅದೇ.

ಈ ಸೀಮೆಯಲ್ಲಿ ಇದಕ್ಕೆ ಬಹಳ ಹಳೆಯ ಉದಾಹರಣೆಯೊಂದಿದೆ. ಶಿಕಾರಿಪುರ ತಾಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ಗುಡಿಯ ಮುಂದೆ ಐದನೇ ಶತಮಾನದ ಕದಂಬರ ಸ್ತಂಭವಿದೆ, ಶಾಸನತಜ್ಞ ಬಿ.ಎಲ್. ರೈಸ್ ಅದನ್ನು ವಿದ್ವತ್ ಲೋಕದ ಗಮನಕ್ಕೆ ತಂದರು. ಕದಂಬ ದೊರೆ ಕಾಕುಸ್ಥವರ್ಮ ಅಲ್ಲಿ ಒಂದು ಕೆರೆ ಕಟ್ಟಿಸಿದ. ಅವನ ಮಗ ಶಾಂತಿವರ್ಮನ ಕಾಲದಲ್ಲಿ ಕುಬ್ಜನೆಂಬ ಕವಿ ಸಂಸ್ಕೃತ ಕಾವ್ಯ ರಚಿಸಿ, ತಾನೇ ಕಲ್ಲಿನ ಮೇಲೆ ಬರೆದ. ಅವನಿಗೆ ಒಪ್ಪಿಸಿದ ವಿಷಯ ಒಂದು ಕೆರೆ. ಕೆರೆಯ ಬಗ್ಗೆ ಬರೆಯಿರಿ ಎಂದರೆ ಇಂದಿನ ವಿದ್ಯಾರ್ಥಿ ಎಷ್ಟು ಕಕ್ಕಾಬಿಕ್ಕಿಯಾಗುತ್ತಾನೋ ಅವನೂ ಅಷ್ಟೇ ಆಗಬಹುದಿತ್ತು. ಆದರೆ ಅವನ ಕಾವ್ಯ ಕೆರೆಯ ಉದ್ದಗಲದಲ್ಲಿ ಕಳೆದುಹೋಗುವುದಿಲ್ಲ. ಈ ಕೆರೆ ಕಟ್ಟಿಸಿದವರ ಮನೆತನ ವೇದ ಓದುತ್ತಿದ್ದ ಬ್ರಾಹ್ಮಣರದು, ಅವರು ಅರಸರಾದದ್ದು ಹೇಗೆ ಎಂಬ ಪ್ರಶ್ನೆಯನ್ನು ಅದು ಹಿಡಿಯುತ್ತದೆ. ವಿದ್ಯೆಗಾಗಿ ಕಂಚಿಗೆ ಹೋದ ಮಯೂರಶರ್ಮ, ಪಲ್ಲವರ ಕುದುರೆ ಸವಾರನೊಡನೆ ಜಗಳ, ಅವಮಾನ, ದರ್ಭೆ ಹಿಡಿದ ಕೈ ಕತ್ತಿ ಹಿಡಿದದ್ದು. ಇಷ್ಟೂ ಬಂದದ್ದು ಆ ಪ್ರಶ್ನೆಗೆ ಉತ್ತರವಾಗಿ. ಕದಂಬರ ಬಗ್ಗೆ ಅವನಿಗೆ ಗೊತ್ತಿದ್ದದ್ದು ಇನ್ನೆಷ್ಟೋ ಇದ್ದಿರಬೇಕು, ಕಲ್ಲಿನಲ್ಲಿ ಅದಕ್ಕೆ ಜಾಗವಿರಲಿಲ್ಲ. ಹದಿನೈದು ಶತಮಾನ ದಾಟಿಯೂ ನಾವು ಅದನ್ನು ಓದುವುದು ಅವನು ಆ ಪ್ರಶ್ನೆಯನ್ನು ಆಯ್ದುಕೊಂಡ ಕಾರಣಕ್ಕೆ ಎಂದು ನಾನು ತಿಳಿದಿದ್ದೇನೆ.

ಹುಟ್ಟುಗುಣದ ವಾದ ಇನ್ನೂ ಉಳಿದಿದೆ. ಅದನ್ನು ಎತ್ತುವವರು ಕವಿರಾಜಮಾರ್ಗದ ಬೆಂಬಲವನ್ನೂ ಪಡೆಯುತ್ತಾರೆ. ಕಾವೇರಿಯಿಂದ ಗೋದಾವರಿಯವರೆಗಿನ ನಾಡಿನ ಜನ ಓದು ಬರಹ ಕಲಿಯದೆಯೂ ಕಾವ್ಯದಲ್ಲಿ ನುರಿತವರು ಎಂದು ಒಂಬತ್ತನೇ ಶತಮಾನದ ಆ ಗ್ರಂಥ ಹೊಗಳಿದ್ದು ನಿಜ. ಆದರೆ ಆ ಹೊಗಳಿಕೆಯಿರುವ ಪುಸ್ತಕ ಎಂಥದೆಂದು ನೋಡಬೇಕು. ಅದು ಬರೆಯುವವರಿಗೆ ದಾರಿ ತೋರಿಸುವ ಪುಸ್ತಕ. ಮೂರು ಪರಿಚ್ಛೇದಗಳಲ್ಲಿ ಮೊದಲನೆಯದು ಕಾವ್ಯದ ದೋಷಗಳ ವಿಚಾರಕ್ಕೇ ಮೀಸಲು; ಉಳಿದವು ಅಲಂಕಾರಗಳಿಗೆ. ಜನರಲ್ಲಿ ಸಹಜ ಶಕ್ತಿಯಿದೆ ಎಂದು ನಂಬಿದವನೇ ಅದನ್ನು ತಿದ್ದಿ ತೀಡುವ ಕ್ರಮವನ್ನೂ ಬರೆದಿಟ್ಟ. ಅವನಿಗೆ ಇವೆರಡರಲ್ಲಿ ವಿರೋಧ ಕಾಣಲಿಲ್ಲ, ನಮಗೂ ಕಾಣಬೇಕಾಗಿಲ್ಲ. ಸರಾಗವಾಗಿ ಬರೆಯುವ ಆ ಹುಡುಗಿಯ ಮನೆಯಲ್ಲಿ ಬಹುಶಃ ಅವಳ ಮಾತಿಗೆ ‘ಆಮೇಲೆ?’ ಎನ್ನುವವರು ಯಾರೋ ಇದ್ದಾರೆ. ಕೇಳಿಸಿಕೊಂಡ ಪ್ರಶ್ನೆಗಳನ್ನು ಅವಳು ತನ್ನೊಳಗೇ ಕೇಳಿಕೊಳ್ಳಲು ಕಲಿತಿದ್ದಾಳೆ. ಅದನ್ನೇ ನಾವು ಪ್ರತಿಭೆ ಎನ್ನುತ್ತಿದ್ದೇವೆ.

ಕಲಿಸಬಹುದಾದರೆ ಹೇಗೆ? ಇಟಲಿಯ ತೋಸ್ಕಾನ ಪ್ರಾಂತದ ಗುಡ್ಡಗಾಡಿನಲ್ಲಿ ಬಾರ್ಬಿಯಾನ ಎಂಬ ಊರಿದೆ. ಲೊರೆಂಜೊ ಮಿಲಾನಿ ಎಂಬ ಪಾದ್ರಿ ಅಲ್ಲಿ ರೈತಾಪಿ ಮಕ್ಕಳಿಗೆ ಶಾಲೆ ನಡೆಸಿದರು. ಸರ್ಕಾರಿ ಶಾಲೆಯಲ್ಲಿ ನಪಾಸಾಗಿ ದಡ್ಡರೆನ್ನಿಸಿಕೊಂಡ ಮಕ್ಕಳೂ ಅವರಲ್ಲಿದ್ದರು. ಆ ಶಾಲೆಯ ಎಂಟು ಹುಡುಗರು ಸೇರಿ, ತಮ್ಮಂಥವರನ್ನು ನಪಾಸು ಮಾಡುವ ಶಿಕ್ಷಕಿಗೆ ಪತ್ರದ ರೂಪದಲ್ಲಿ ಬರೆದ ಪುಸ್ತಕ 1967ರಲ್ಲಿ ಪ್ರಕಟವಾಗಿ ಹಲವು ಭಾಷೆಗಳಿಗೆ ಹೋಯಿತು. ಅದರಲ್ಲೇ ಅವರು ತಾವು ಬರೆಯುವ ಬಗೆಯನ್ನೂ ವಿವರಿಸಿದ್ದಾರೆ. ಅದನ್ನು ಆನವಟ್ಟಿಯ ಮಗುವಿಗೆ ಒಗ್ಗುವಂತೆ ಹೀಗೆ ಹೇಳಬಹುದು.

1. ಶೀರ್ಷಿಕೆಯನ್ನು ಪ್ರಶ್ನೆಯಾಗಿ ಮುರಿಯಬೇಕು. ಅದರ ಉತ್ತರ ನಿನಗೆ ಈಗಲೇ ಗೊತ್ತಿರಬಾರದು, ಆದರೆ ನಡೆದು ಹೋಗಿ ನೋಡಿಯೋ, ಯಾರನ್ನಾದರೂ ಕೇಳಿಯೋ, ಗ್ರಂಥಾಲಯದಲ್ಲಿ ಒಂದು ಪುಸ್ತಕ ತೆರೆದೋ ಸ್ವಲ್ಪವಾದರೂ ತಿಳಿಯುವಂತಿರಬೇಕು. ‘ಜಲ ಸಂರಕ್ಷಣೆ’ ಎಂಬುದು ‘ನಮ್ಮೂರ ಕೆರೆಯ ತೂಬು ಈಗ ಯಾರು ತೆಗೆಯುತ್ತಾರೆ, ಅಜ್ಜನ ಕಾಲದಲ್ಲಿ ಯಾರು ತೆಗೆಯುತ್ತಿದ್ದರು?’ ಎಂದಾಗಬೇಕು. ಕೆರೆಗಳಿಂದಲೇ ತುಂಬಿರುವ ಸೊರಬ, ಶಿಕಾರಿಪುರಗಳಲ್ಲಿ ಈ ಪ್ರಶ್ನೆಗೆ ಉತ್ತರ ಹೇಳುವ ಮುದುಕರು ಇನ್ನೂ ಇದ್ದಾರೆ.

2. ಕಂಡದ್ದು, ಕೇಳಿದ್ದು, ಹೊಳೆದದ್ದು ಒಂದೊಂದನ್ನೂ ಬೇರೆಬೇರೆ ಚೀಟಿಯ ಮೇಲೆ, ಒಂದೇ ಮಗ್ಗುಲಿನಲ್ಲಿ ಬರೆಯಬೇಕು. ವ್ಯಾಕರಣದ ಚಿಂತೆ ಈಗ ಬೇಡ. ಬಾರ್ಬಿಯಾನದ ಹುಡುಗರು ಇದಕ್ಕಾಗಿ ಜೇಬಿನಲ್ಲಿ ಯಾವಾಗಲೂ ಟಿಪ್ಪಣಿ ಪುಸ್ತಕ ಇಟ್ಟುಕೊಳ್ಳುತ್ತಿದ್ದರು.

3. ಚೀಟಿಗಳನ್ನೆಲ್ಲ ನೆಲದ ಮೇಲೆ ಹರವಿ, ಒಂದೇ ಮಾತು ಎರಡು ಸಲ ಬಂದಿದ್ದರೆ ಒಂದನ್ನು ತೆಗೆದು, ಸೇರುವಂಥವನ್ನು ಗುಡ್ಡೆ ಮಾಡಬೇಕು. ಪ್ರಶ್ನೆಗೆ ಸಂಬಂಧವಿಲ್ಲದ್ದು ಎಷ್ಟು ಚೆಂದವಿದ್ದರೂ ಹೊರಗೆ. ಒಂದೊಂದು ಗುಡ್ಡೆ ಒಂದೊಂದು ಪ್ಯಾರಾ.

4. ಬರೆದದ್ದನ್ನು ವಿಷಯ ಗೊತ್ತಿಲ್ಲದವರಿಗೆ ಜೋರಾಗಿ ಓದಿ ಹೇಳಬೇಕು. ಅಕ್ಷರ ಬಾರದ ಅಜ್ಜಿಯೂ ಸಾಕು, ಅವಳು ಎಲ್ಲಿ ‘ಏನಂದಿ?’ ಎನ್ನುತ್ತಾಳೋ ಅಲ್ಲಿ ತಿದ್ದುವುದಿದೆ. ಪೀಠಿಕೆಯನ್ನು ಎಲ್ಲ ಮುಗಿದ ಮೇಲೆ ಬರೆಯಬೇಕು, ಯಾಕೆಂದರೆ ಏನನ್ನು ಪರಿಚಯಿಸುತ್ತಿದ್ದೇನೆ ಎಂಬುದು ಆಗಲೇ ತಿಳಿಯುವುದು.

ಆಕ್ಷೇಪಗಳಲ್ಲಿ ಗಟ್ಟಿಯಾದದ್ದು ಅನುಕರಣೆಯ ಪರವಾದದ್ದು. ನಕಲು ಮಾಡಿಯೇ ಕಲಿಯುವುದಲ್ಲವೇ, ಕಾಪಿ ಪುಸ್ತಕ ಬರೆದು ಅಕ್ಷರ ದುಂಡಗಾಗಲಿಲ್ಲವೇ, ಬಾಯಿಪಾಠ ಮಾಡಿದ ಪದ್ಯಗಳೇ ಅಲ್ಲವೇ ನಮ್ಮ ಭಾಷೆಯನ್ನು ಬೆಳೆಸಿದ್ದು? ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ಬಾಯಿಪಾಠವನ್ನು ಹೀಗಳೆಯುವ ಈಚಿನ ಚಾಳಿ ನನಗೆ ಹಿಡಿಸದು. ಆದರೆ ನಮ್ಮ ಹಳೆಯ ಪದ್ಧತಿ ಬಾಯಿಪಾಠಕ್ಕೆ ನಿಲ್ಲುತ್ತಿರಲಿಲ್ಲ. ಬಳ್ಳಿಗಾವಿಯ ಕೋಡಿಯ ಮಠವನ್ನು ವರ್ಣಿಸುವ 1162ರ ಶಾಸನ ಅಲ್ಲಿ ನಾಲ್ಕು ವೇದಗಳ ಅಧ್ಯಯನ ನಡೆಯುತ್ತಿತ್ತು ಎನ್ನುತ್ತದೆ. ಅದರ ಜೊತೆಗೇ ಕೌಮಾರ, ಪಾಣಿನೀಯ, ಶಾಕಟಾಯನ ವ್ಯಾಕರಣಗಳಿಗೂ ದರ್ಶನಗಳಿಗೂ ವ್ಯಾಖ್ಯಾನ ಮಾಡುವ ಸ್ಥಳ ಅದು ಎಂದೂ ಹೇಳುತ್ತದೆ. ಶೈವ ಮಠವಾಗಿದ್ದೂ ಬೌದ್ಧ ದರ್ಶನವನ್ನು ಆ ಪಟ್ಟಿಯಿಂದ ಬಿಟ್ಟಿಲ್ಲ. ಪಾಠ ಕಂಠಸ್ಥವಾದ ಮೇಲೆ ಅದರ ಮುಂದೆ ಪ್ರಶ್ನೆ ಇಟ್ಟು ತನ್ನ ಮಾತಿನಲ್ಲಿ ಬಿಡಿಸಿ ಹೇಳುವುದು ವಿದ್ಯೆಯ ಇನ್ನರ್ಧವಾಗಿತ್ತು. ಗೈಡಿನ ಪ್ರಬಂಧ ಆ ಇನ್ನರ್ಧವನ್ನು ಕತ್ತರಿಸಿದೆ. ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’, ಗೊರೂರರ ‘ಹಳ್ಳಿಯ ಚಿತ್ರಗಳು’, ಎ.ಎನ್. ಮೂರ್ತಿರಾಯರ ‘ಹಗಲುಗನಸುಗಳು’ ಇವುಗಳಿಂದ ಮಗು ಒಂದು ಪುಟ ನಕಲು ಮಾಡಿ ಬರೆಯಲಿ, ಸಂತೋಷ. ಅನುಕರಿಸಲು ಯೋಗ್ಯವಾದ ವಾಕ್ಯಗಳು ಅಲ್ಲಿವೆ. ಇಂಥ ಗದ್ಯ ಇರುವ ಭಾಷೆಯಲ್ಲಿ ಗೈಡಿನ ಗದ್ಯವನ್ನು ಮಾದರಿಯಾಗಿ ಮಕ್ಕಳ ಮುಂದಿಡುತ್ತಿದ್ದೇವೆ ಎಂಬುದು ನನ್ನನ್ನು ನೋಯಿಸುತ್ತದೆ.

ಇನ್ನೊಂದು ಆಕ್ಷೇಪ ಮನೆಮಾತಿನದು. ಈ ಭಾಗದ ತರಗತಿಯಲ್ಲಿ ಮನೆಯಲ್ಲಿ ಲಂಬಾಣಿ ಆಡುವ ಮಕ್ಕಳಿದ್ದಾರೆ, ಉರ್ದು ಆಡುವವರಿದ್ದಾರೆ. ಕನ್ನಡವೇ ಮನೆಮಾತಾದವರ ಕನ್ನಡವೂ ಪುಸ್ತಕದ ಕನ್ನಡವಲ್ಲ, ಮಲೆನಾಡೂ ಬಯಲುಸೀಮೆಯೂ ಬೆರೆತದ್ದು. ಅವರಿಗೆ ವಾಕ್ಯವನ್ನೇ ಕೊಡದಿದ್ದರೆ ಬರೆಯುವುದು ಹೇಗೆ? ಇಲ್ಲಿ ಎರಡು ಕಷ್ಟಗಳು ಒಂದರೊಳಗೊಂದು ಸಿಕ್ಕಿಕೊಂಡಿವೆ, ಅವನ್ನು ಬಿಡಿಸಬೇಕು. ಏನು ಹೇಳಬೇಕೆಂಬುದು ಒಂದು ಕಷ್ಟ, ಅದನ್ನು ಶಿಷ್ಟ ಕನ್ನಡದಲ್ಲಿ ಹೇಳುವುದು ಇನ್ನೊಂದು. ಎರಡನ್ನೂ ಒಂದೇ ಸಲ ಹೊರಿಸಿದರೆ ಮಗು ಕುಸಿಯುತ್ತದೆ. ತಾಂಡಾದ ಹುಡುಗಿ ಚೀಟಿಗಳನ್ನು ಕನ್ನಡ ಲಿಪಿಯಲ್ಲಿ ತನ್ನ ಲಂಬಾಣಿ ಮಾತಿನಲ್ಲೇ ಬರೆದುಕೊಳ್ಳಲಿ. ಹೇಳಬೇಕಾದದ್ದು ನಿಂತ ಮೇಲೆ ಅದನ್ನು ಕನ್ನಡಕ್ಕೆ ತರುವಾಗ ಮೇಷ್ಟ್ರು ಕೂಡಲಿ, ಪಕ್ಕದ ಹುಡುಗಿ ಕೂಡಲಿ. ಆಗ ಅವಳು ಹುಡುಕುವ ಕನ್ನಡ ಪದ ತನ್ನ ಅರ್ಥಕ್ಕಾಗಿ ಹುಡುಕಿದ್ದು, ಮರೆಯುವುದಿಲ್ಲ. ವಾಕ್ಯವನ್ನೇ ಎರವಲು ಕೊಟ್ಟರೆ ಅವಳಿಗೆ ಕನ್ನಡವೂ ಬರಲಿಲ್ಲ, ಹೇಳಬೇಕಾದದ್ದೂ ಹೊರಗೆ ಬರಲಿಲ್ಲ.

ಮೊಬೈಲಿನ ಕೃತಕ ಬುದ್ಧಿಮತ್ತೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಗೈಡು ಮಾಡುತ್ತಿದ್ದದ್ದನ್ನೇ ಅದು ಬೇಗ ಮಾಡುತ್ತದೆ, ಕನ್ನಡದಲ್ಲೂ ಮಾಡುತ್ತದೆ. ‘ಕೈಟಭೇಶ್ವರ ದೇವಾಲಯದ ಬಗ್ಗೆ ಪ್ರಬಂಧ’ ಎಂದರೆ ಅರೆಗಳಿಗೆಯಲ್ಲಿ ಬರೆದುಕೊಡುತ್ತದೆ. ಶೀರ್ಷಿಕೆ ಕೊಟ್ಟು ಬರೆಸುವ ಪದ್ಧತಿ ಹೀಗೆ ತಾನಾಗಿಯೇ ಅರ್ಥ ಕಳೆದುಕೊಂಡಿದೆ. ನಿನ್ನ ಅಜ್ಜ ಕೆರೆಯ ತೂಬಿನ ಬಗ್ಗೆ ಏನು ಹೇಳಿದರು ಎಂಬುದನ್ನು ಮಾತ್ರ ಅದು ಬರೆದುಕೊಡಲಾರದು. ಅದನ್ನೇ ಪ್ರಶ್ನೆ ಕೇಳುವವನಾಗಿ ಬಳಸಿಕೊಳ್ಳಬಹುದಲ್ಲ ಎಂದರೆ, ಬಳಸಿಕೊಳ್ಳಬಹುದು, ನನ್ನ ತಕರಾರಿಲ್ಲ. ಅಜ್ಜಿ ಕೈಗೆ ಸಿಗುವಷ್ಟು ಕಾಲ ಅಜ್ಜಿಯೇ ಮೇಲು.

ಪರೀಕ್ಷೆಯ ಆಕ್ಷೇಪಕ್ಕೆ ನನ್ನಲ್ಲಿ ಪೂರ್ಣ ಸಮಾಧಾನವಿಲ್ಲ, ಅದನ್ನು ಮುಚ್ಚಿಡುವುದೂ ಇಲ್ಲ. ಬಾಯಿಪಾಠದ ಪ್ರಬಂಧಕ್ಕೆ ಅಂಕ ಸಿಗುತ್ತಿರುವವರೆಗೆ ಮಕ್ಕಳು ಅದನ್ನು ಬಿಡುವುದಿಲ್ಲ, ಬಿಡಿ ಎಂದು ಹೇಳುವ ಹಕ್ಕು ಅವರ ಭವಿಷ್ಯದ ಹೊಣೆ ಹೊರದ ನನಗಿಲ್ಲ. ಚೀಟಿ ಬರೆದು ಹರವಿ ಅಭ್ಯಾಸವಾದ ಮಗು ಪರೀಕ್ಷಾ ಕೊಠಡಿಯಲ್ಲೂ ಉತ್ತರ ಪತ್ರಿಕೆಯ ಕೊನೆಯಲ್ಲಿ ಐದು ಪ್ರಶ್ನೆ ಗೀಚಿಕೊಂಡು ಬೇಗ ಬರೆಯುತ್ತದೆ ಎಂಬಷ್ಟನ್ನು ಹೇಳಬಲ್ಲೆ. ಆದರೆ ಆಂತರಿಕ ಮೌ­ಲ್ಯಮಾಪನದ 25 ಅಂಕ ಶಾಲೆಯ ಕೈಯಲ್ಲೇ ಇದೆ. ಅಲ್ಲಿ ಗಡಿಯಾರವಿಲ್ಲ. ಈಗ ಆ ಅಂಕಗಳು ಬಹುಪಾಲು ಫೈಲಿನ ಅಂದಕ್ಕೆ ಹೋಗುತ್ತಿವೆ. ಇದರಲ್ಲಿ ಮೇಷ್ಟ್ರ ತಪ್ಪು ಹುಡುಕುವುದು ಅನ್ಯಾಯ. ತರಗತಿಯಿಡೀ ಒಂದೇ ಶೀರ್ಷಿಕೆಯ ಮೇಲೆ ಒಂದೇ ಗೈಡಿನಿಂದ ಬರೆದು ತಂದ ಪುಟಗಳನ್ನು ಓದುವುದರಲ್ಲಿ ಯಾವ ಮನುಷ್ಯನಿಗೂ ಆಸಕ್ತಿ ಉಳಿಯದು. ಅಂದವನ್ನಲ್ಲದೆ ಬೇರೇನನ್ನು ಅವರು ಅಳೆದಾರು? ಒಬ್ಬೊಬ್ಬ ವಿದ್ಯಾರ್ಥಿಯೂ ತಾನೇ ಮುರಿದ ಪ್ರಶ್ನೆಯನ್ನು ಮೊದಲ ಪುಟದಲ್ಲಿ ಬರೆದು, ಚೀಟಿಗಳನ್ನೂ ಕಾಟು ಹಾಕಿದ ಮೊದಲ ಕರಡನ್ನೂ ಹಿಂದೆ ಪಿನ್ ಮಾಡಿ ಕೊಡಲಿ. ಮೇಷ್ಟ್ರು ಅಂಕದ ಅರ್ಧವನ್ನು ಅವುಗಳಿಗೆ ಕೊಡಲಿ, ಪ್ರಬಂಧವನ್ನೆಲ್ಲ ತಿದ್ದುವ ಬದಲು ಅಂಚಿನಲ್ಲಿ ಎರಡೇ ಎರಡು ಪ್ರಶ್ನೆ ಬರೆದು ಹಿಂದಿರುಗಿಸಲಿ. ಇದಕ್ಕೆ ಹೊಸ ಪಠ್ಯ ಬೇಡ, ಕಂಪ್ಯೂಟರ್ ಬೇಡ, ಬೆಂಗಳೂರಿನ ಅಪ್ಪಣೆಗೂ ಕಾಯಬೇಕಾಗಿಲ್ಲ. ಬರುವ ಜೂನ್‌ನಲ್ಲಿ ಆನವಟ್ಟಿಯ ಒಂದೇ ಒಂದು ಒಂಬತ್ತನೇ ತರಗತಿಯಿಂದ ಶುರುಮಾಡಬಹುದು.